ಬೆಲೆ ಕಟ್ಟುವ ನಾಲಿಗೆ: ಓ ಬ್ರಿಯಾನ್ ತೋಟದ ವೈನ್ ಮತ್ತು ರುಚಿಪರೀಕ್ಷೆಯ ಕ್ರಮ

1855ರಲ್ಲಿ ಪ್ಯಾರಿಸಿನಲ್ಲಿ ಜಾಗತಿಕ ವಸ್ತುಪ್ರದರ್ಶನ ಏರ್ಪಟ್ಟ ಸಂದರ್ಭದಲ್ಲಿ ಬೋರ್ಡೊ ಪ್ರಾಂತ್ಯದ ವೈನುಗಳ ಶ್ರೇಣೀಕೃತ ಪಟ್ಟಿಯೊಂದರ ಅಗತ್ಯ ಕಂಡುಬಂದಿತು. ಅದನ್ನು ಸಿದ್ಧಪಡಿಸಿದವರು ವಿಜ್ಞಾನಿಗಳಲ್ಲ, ಸರಕಾರಿ ಅಧಿಕಾರಿಗಳೂ ಅಲ್ಲ. ಬೋರ್ಡೊ ವಾಣಿಜ್ಯ ಮಂಡಳಿಯ ಕೋರಿಕೆಯ ಮೇರೆಗೆ ಅಲ್ಲಿನ ವೈನ್ ದಲ್ಲಾಳಿಗಳೇ ಪಟ್ಟಿ ಬರೆದುಕೊಟ್ಟರು. ಅನೇಕ ವರ್ಷಗಳಿಂದ ಯಾವ ತೋಟದ ವೈನು ಯಾವ ಬೆಲೆಗೆ ಮಾರಾಟವಾಗಿದೆ ಎಂಬುದೇ ಅವರ ಅಳತೆಗೋಲು. ಕೆಂಪು ವೈನಿನ ಮೊದಲ ದರ್ಜೆಗೆ ನಾಲ್ಕೇ ತೋಟಗಳು ಸೇರಿದವು. ಮೂರು ಮೆದೋಕ್ ಪ್ರದೇಶದವು. ನಾಲ್ಕನೆಯದು ಬೋರ್ಡೊ ನಗರಕ್ಕೆ ಅಂಟಿಕೊಂಡಿರುವ ಪೆಸಾಕಿನ ಶಾಟೊ ಓ ಬ್ರಿಯಾನ್. ಆ ಬಳಿಕ ಮೊದಲ ದರ್ಜೆಗೆ ಬಡ್ತಿ ಪಡೆದದ್ದು 1973ರಲ್ಲಿ, ಮೂಟೋನ್ ತೋಟವೊಂದೇ. ವರ್ತಕರ ಪಟ್ಟಿಯೊಂದು ಇಷ್ಟು ದೀರ್ಘಕಾಲ ಮಾನ್ಯವಾಗಿ ಉಳಿದಿರುವುದು ವಾಣಿಜ್ಯ ಚರಿತ್ರೆಯಲ್ಲಿ ಅಪರೂಪ.

ಓ ಬ್ರಿಯಾನ್ ತೋಟದ ಹೆಸರು ಅದಕ್ಕಿಂತಲೂ ಹಳೆಯದು. 16ನೇ ಶತಮಾನದಲ್ಲಿ ಪೋಂಟಾಕ್ ಮನೆತನ ಇದನ್ನು ಕಟ್ಟಿತು. 1663ರಲ್ಲಿ ಲಂಡನ್ನಿನ ಸಾಮ್ಯುಯೆಲ್ ಪೀಪ್ಸ್ ತನ್ನ ದಿನಚರಿಯಲ್ಲಿ ಈ ವೈನಿನ ವಿಶಿಷ್ಟ ರುಚಿಯನ್ನು ದಾಖಲಿಸಿದ್ದಾನೆ, ಹೆಸರನ್ನು ತಪ್ಪಾಗಿ ಬರೆದುಕೊಂಡೇ. ಮೂರು ವರ್ಷಗಳ ಬಳಿಕ ಪೋಂಟಾಕರು ಲಂಡನ್ನಿನಲ್ಲಿಯೇ ಭೋಜನಗೃಹ ತೆರೆದರು. ಸರಕನ್ನು ಊರಿನ ಹೆಸರಿನಿಂದಲ್ಲ, ತೋಟದ ಹೆಸರಿನಿಂದ ಮಾರುವ ವಿದ್ಯೆ ಅವರಿಗೆ ಅಷ್ಟು ಮೊದಲೇ ತಿಳಿದಿತ್ತು. 1935ರಿಂದ ತೋಟವು ಅಮೆರಿಕದ ಡಿಲ್ಲನ್ ಕುಟುಂಬದ ಒಡೆತನದಲ್ಲಿದೆ.

ತೋಟದ ಹೆಗ್ಗಳಿಕೆಗೆ ಮೂಲ ಅದರ ನೆಲ. ದಕ್ಷಿಣ ಕನ್ನಡದ ರೈತರಿಗೆ ಈ ಮಾತು ಹೊಸದಲ್ಲ. ಬೈಲು, ಮಜಲು, ಬೆಟ್ಟು ಎಂದು ಗದ್ದೆಗಳಿಗೆ ದರ್ಜೆ ಕೊಟ್ಟ ನಾಡು ಇದು. ಭತ್ತಕ್ಕೆ ನೀರು ನಿಲ್ಲುವ ಬೈಲು ಶ್ರೇಷ್ಠ. ದ್ರಾಕ್ಷಿಗೆ ಲೆಕ್ಕ ತಿರುವುಮುರುವು. ಓ ಬ್ರಿಯಾನಿನದು ಜಲ್ಲಿಕಲ್ಲಿನ ಎತ್ತರದ ದಿಬ್ಬ. ನೀರು ಬೇಗನೆ ಬಸಿದುಹೋಗುವುದರಿಂದ ಬಳ್ಳಿಯ ಬೇರು ಆಳಕ್ಕೆ ಇಳಿಯುತ್ತದೆ, ಇಳುವರಿ ಮಿತವಾಗಿ ಹಣ್ಣಿನ ಸತ್ವ ಗಟ್ಟಿಯಾಗುತ್ತದೆ. ಇನ್ನೊಂದು ಸಂಗತಿಯೂ ಗಮನಾರ್ಹ. ಮಂಗಳೂರಿನ ದೇರೆಬೈಲಿನಲ್ಲಿ ಬೈಲು ಹೆಸರಿನಲ್ಲಿ ಉಳಿದಿದೆ. ನೆಲದ ಮೇಲೆ ಮನೆ, ಅಂಗಡಿ, ಬಹುಮಹಡಿ ಕಟ್ಟಡಗಳು ಎದ್ದಿವೆ. ಪೆಸಾಕಿನಲ್ಲಿಯೂ ಬೋರ್ಡೊ ನಗರ ಬೆಳೆದು ತೋಟವನ್ನು ಸುತ್ತುವರಿದಿದೆ. ಆದರೂ ಸುಮಾರು 50 ಹೆಕ್ಟೇರ್ ದ್ರಾಕ್ಷಿ ನಡುವೆ ಹಾಗೆಯೇ ನಿಂತಿದೆ. ಫಸಲಿನ ಬೆಲೆ ನಿವೇಶನದ ಬೆಲೆಯ ಎದುರು ತಲೆಯೆತ್ತಿ ನಿಲ್ಲುವಷ್ಟಿರುವುದೇ ಇದಕ್ಕೆ ಮುಖ್ಯ ಕಾರಣವೆನ್ನಬೇಕು.

ಇಂಥ ವೈನಿನ ರುಚಿಪರೀಕ್ಷೆ ಶ್ರೀಮಂತರ ವಿಲಾಸವೆಂಬ ಭಾವನೆ ಸಾಮಾನ್ಯವಾಗಿದೆ. ವಾಸ್ತವದಲ್ಲಿ ಅದು ಮಂಗಳೂರಿನ ಕಾಫಿ ಸಂಸ್ಕರಣಾಗಾರಗಳಿಗೆ ಪರಿಚಿತವಾದ ಕಪ್ ಪರೀಕ್ಷೆಯ ಸೋದರ ವಿದ್ಯೆ. ಚಮಚದಿಂದ ಸದ್ದು ಮಾಡುತ್ತ ಹೀರಿ, ಬಾಯಲ್ಲಿ ಹೊರಳಿಸಿ ಉಗುಳುವ ಕಾಫಿ ಪರೀಕ್ಷಕನಂತೆಯೇ ವೈನ್ ಪರೀಕ್ಷಕನೂ ಉಗುಳುತ್ತಾನೆ. ನುಂಗಿದವನ ತೀರ್ಪು ಹತ್ತನೆಯ ಲೋಟಕ್ಕೆ ನಂಬಲರ್ಹವಾಗಿರುವುದಿಲ್ಲ.

ಲೋಟದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಸುರಿಯಬಾರದು. ಬಿಳಿಯ ಬಟ್ಟೆಯ ಮೇಲೆ ಓರೆಯಾಗಿ ಹಿಡಿದರೆ ಬಣ್ಣ ವಯಸ್ಸನ್ನು ಹೇಳುತ್ತದೆ: ಎಳೆಯ ಕೆಂಪು ವೈನಿನ ಅಂಚು ನೇರಳೆ, ಹಳೆಯದರ ಅಂಚು ಇಟ್ಟಿಗೆಯ ಬಣ್ಣ. ಬಳಿಕ ಲೋಟವನ್ನು ಮೆಲ್ಲನೆ ಸುತ್ತಿಸಿ ಮೂಸಬೇಕು. ನಿಜವಾದ ಪರೀಕ್ಷೆ ನಡೆಯುವುದು ಮೂಗಿನಲ್ಲಿ. ಓ ಬ್ರಿಯಾನಿನಲ್ಲಿ ಹೊಗೆ, ತಂಬಾಕು, ಕಾದ ಇಟ್ಟಿಗೆಯ ವಾಸನೆಯನ್ನು ಪರೀಕ್ಷಕರು ಗುರುತಿಸುತ್ತಾರೆ. ಹೆಂಚಿನ ಊರಾದ ಮಂಗಳೂರಿಗೆ ಈ ಕೊನೆಯದನ್ನು ಬೇರೆ ವಿವರಿಸಬೇಕಾಗಿಲ್ಲ. ಒದ್ದೆ ರಟ್ಟಿನ ಮುಗ್ಗಲು ವಾಸನೆ ಬಂದರೆ ಬಿರಡೆಯ ದೋಷವೆಂದು ತಿಳಿಯಬೇಕು. ಆ ಬಾಟಲಿ ಎಷ್ಟೇ ದುಬಾರಿಯಾದರೂ ಕೆಟ್ಟದ್ದೇ.

ಬಾಯಿಗೆ ಬಂದಾಗ ಮಂಗಳೂರಿನವರಿಗೆ ಮೊದಲು ತುಸು ನಿರಾಶೆಯಾಗುವುದುಂಟು. ಇಲ್ಲಿನ ಕ್ರೈಸ್ತ ಮನೆಗಳಲ್ಲಿ ಕ್ರಿಸ್ಮಸ್ಸಿಗಾಗಿ ಭರಣಿಯಲ್ಲಿ ಹಾಕಿಡುವ ದ್ರಾಕ್ಷಿ ವೈನು ಸಕ್ಕರೆಯ ಸಿಹಿಯದು. ಬೋರ್ಡೊ ಕೆಂಪು ವೈನಿನಲ್ಲಿ ಸಿಹಿ ಬಹುತೇಕ ಇಲ್ಲ. ಗೇರುಹಣ್ಣು ಕಚ್ಚಿದಾಗ ವಸಡು ಬಿಗಿಯುವಂಥ ಒಗರು ಅದರಲ್ಲಿದೆ. ದ್ರಾಕ್ಷಿಯ ಸಿಪ್ಪೆ, ಬೀಜ ಮತ್ತು ಓಕ್ ಪೀಪಾಯಿಗಳಿಂದ ಬರುವ ಈ ಒಗರೇ ವೈನನ್ನು ದಶಕಗಳ ಕಾಲ ಕಾಪಾಡುವ ಶಕ್ತಿ; ವಯಸ್ಸಾದಂತೆ ಅದು ಮೃದುವಾಗುತ್ತದೆ. ಉಗುಳಿದ ಬಳಿಕವೂ ರುಚಿ ಎಷ್ಟು ಹೊತ್ತು ಉಳಿಯುತ್ತದೆ ಎಂಬುದನ್ನು ಎಣಿಸಬೇಕು. ಮೊದಲ ದರ್ಜೆಗೂ ಐದನೆಯ ದರ್ಜೆಗೂ ಇರುವ ಅಂತರ ಬಹಳ ಸಲ ಅಲ್ಲಿಯೇ ಪ್ರಕಟವಾಗುತ್ತದೆ.

ಕರಾವಳಿಯಲ್ಲಿ ಆಗುವ ದೊಡ್ಡ ತಪ್ಪು ಉಷ್ಣತೆಯದು. ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲಿ ನೀಡಬೇಕೆಂಬ ಹಳೆಯ ನಿಯಮ ಫ್ರಾನ್ಸಿನ ತಣ್ಣನೆಯ ಕಲ್ಲಿನ ಮನೆಗಳಿಗೆ ಹೇಳಿದ್ದು. 16ರಿಂದ 18 ಡಿಗ್ರಿ ಸೆಲ್ಸಿಯಸ್ ಯೋಗ್ಯ. 30 ಡಿಗ್ರಿಯಲ್ಲಿ ಮದ್ಯಸಾರದ ಘಾಟಷ್ಟೇ ಮೂಗಿಗೆ ಬಡಿಯುತ್ತದೆ. ದಾಸ್ತಾನಿಗೆ 12ರಿಂದ 14 ಡಿಗ್ರಿ ಬೇಕು. ಸಾಮಾನ್ಯ ಕಂಟೇನರಿನಲ್ಲಿ ಬಿಸಿಲಿಗೆ ಬಿದ್ದ ಸರಕು ಬೇಯುತ್ತದೆ. ಬಿರಡೆ ಮೇಲೆದ್ದಿರುವುದು, ಲೇಬಲಿನ ಮೇಲೆ ಸೋರಿದ ಕಲೆ, ಬಾಟಲಿಯಲ್ಲಿ ಇಳಿದ ಮಟ್ಟ ಇದರ ಗುರುತುಗಳು. ಬಹುಕಾಲ ಶೇ. 150ರಷ್ಟು ಆಮದು ಸುಂಕ ತೆತ್ತು ಬರುತ್ತಿದ್ದ ಈ ಸರಕಿನಲ್ಲಿ ಒಂದು ಪೆಟ್ಟಿಗೆ ಕೆಟ್ಟರೂ ಲಾಭ ಮಗುಚಿದಂತೆಯೇ. ಆದ್ದರಿಂದ ಹಣ ಪಾವತಿಗೆ ಮುನ್ನ ಮಾದರಿ ಪರೀಕ್ಷೆಯ ಹಕ್ಕನ್ನು ಕರಾರಿನಲ್ಲಿ ಬರೆಸಿಕೊಳ್ಳುವುದು ಕೊಳ್ಳುವವರಿಗೆ ಕ್ಷೇಮ.

ಬೋರ್ಡೊ ವಿದ್ಯೆ ಕರ್ನಾಟಕಕ್ಕೂ ಬಂದಿದೆ. 1988ರಲ್ಲಿ ನಂದಿಬೆಟ್ಟದ ತಪ್ಪಲಿನ ದೊಡ್ಡಬಳ್ಳಾಪುರದಲ್ಲಿ ಸ್ಥಾಪನೆಯಾದ ಗ್ರೋವರ್ ದ್ರಾಕ್ಷಿತೋಟಕ್ಕೆ 1990ರ ದಶಕದ ಮಧ್ಯದಿಂದ ಬೋರ್ಡೊದ ಮಿಶೆಲ್ ರೊಲಾಂ ಸಲಹೆಗಾರರಾದರು. 2007ರಲ್ಲಿ ರಾಜ್ಯ ಸರಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ಪ್ರಕಟಿಸಿತು. ನಂದಿಯಲ್ಲಿ ಬಳ್ಳಿಗೆ ಚಳಿಗಾಲದ ನಿದ್ರೆಯಿಲ್ಲ. ವರ್ಷಕ್ಕೆರಡು ಬಾರಿ ಸವರಿ ಒಂದೇ ಫಸಲು ತೆಗೆಯುತ್ತಾರೆ. ಬೋರ್ಡೊದಲ್ಲಿ ಸೆಪ್ಟೆಂಬರಿನ ಕೊಯ್ಲು ಇಲ್ಲಿ ಬೇಸಗೆಯ ಹೊಸ್ತಿಲಿಗೆ ಬೀಳುತ್ತದೆ. ಎರಡೂ ಕಡೆಯ ಬಾಟಲಿಗಳನ್ನು ಹೆಸರು ಮರೆಮಾಚಿ ಅಕ್ಕಪಕ್ಕದಲ್ಲಿಟ್ಟು, ಬೆಲೆಯನ್ನು ಕೊನೆಗೆ ತಿಳಿಸುವ ಪರೀಕ್ಷೆಯನ್ನು ಇಲ್ಲಿನ ಹೋಟೆಲ್ ಉದ್ಯಮಿಗಳು ತಮ್ಮ ಸಿಬ್ಬಂದಿಗೆ ಏರ್ಪಡಿಸಬಹುದು. ಅದಕ್ಕೆ ಬೇಕಾದದ್ದು ಆರು ಲೋಟ, ಬಾಟಲಿ ಸುತ್ತಲು ಕಾಗದ ಮತ್ತು ಉಗುಳಲು ಒಂದು ಪಾತ್ರೆ.