ನಿಮಗಿದು ಗೊತ್ತೆ? ಕಾರಿನ ಮೈಲೇಜ್ ಅಳೆಯುವುದು ರಸ್ತೆಯಲ್ಲಲ್ಲ!

ಜಾಹೀರಾತಿನಲ್ಲಿ ಕಾಣುವ ಮೈಲೇಜ್ ಪ್ರಯೋಗಾಲಯದ ರೋಲರ್‌ಗಳ ಮೇಲೆ ಅಳೆದದ್ದು. ಭಾರತದಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಪರೀಕ್ಷೆ 1,180 ಸೆಕೆಂಡುಗಳದ್ದು. ಗರಿಷ್ಠ ವೇಗ ಗಂಟೆಗೆ 90 ಕಿ.ಮೀ., ಎಸಿ ಬಂದ್, ಏರುದಾರಿಯೂ ಇಲ್ಲ. ಆದರೆ ಮಂಗಳೂರಿನ ಸೆಕೆಗೆ ಎಸಿ ಹಾಕದೆ ವಿಧಿಯಿಲ್ಲ. ಸಾಮಾನ್ಯ ಪೆಟ್ರೋಲ್ ಕಾರಿನಲ್ಲಿ ಅದರ ಕಂಪ್ರೆಸರ್ ತಿರುಗುವುದು ಎಂಜಿನ್ ಬಲದಿಂದಲೇ. ಕದ್ರಿ ಗುಡ್ಡ ಹತ್ತಲು ಗೇರ್ ಇಳಿಸಬೇಕು. ನಂತೂರು ವೃತ್ತದ ದಟ್ಟಣೆಯಲ್ಲಿ ಎಂಜಿನ್ ಆಫ್ ಮಾಡದೆ ನಿಂತಷ್ಟು ಹೊತ್ತು ಮೈಲೇಜ್ ಸೊನ್ನೆ. ಏರಿನ ನಷ್ಟ ಇಳಿಜಾರಿನಲ್ಲಿ ತುಂಬಿಬರುವುದಿಲ್ಲವೇ ಎನ್ನಬಹುದು. ಪೂರ್ತಿ ಇಲ್ಲ: ಬ್ರೇಕ್ ಒತ್ತಿದಷ್ಟೂ ಏರಲು ಬಳಸಿದ ಶಕ್ತಿ ಬಿಸಿಯಾಗಿ ಪೋಲಾಗುತ್ತದೆ. ಹಾಗೆಂದು ಕಂಪನಿಯ ಅಂಕಿ ಸುಳ್ಳಲ್ಲ; ಎಲ್ಲ ಕಾರುಗಳಿಗೂ ಒಂದೇ ಪರೀಕ್ಷೆಯಾದ್ದರಿಂದ ಎರಡನ್ನು ಹೋಲಿಸಿ ಕೊಳ್ಳಲು ಅದು ನೆರವಾಗುತ್ತದೆ. ತಿಂಗಳ ಪೆಟ್ರೋಲ್ ಖರ್ಚಿಗೆ ಮಾತ್ರ ಆ ಲೆಕ್ಕ ನಂಬಿ ಕೂರಬೇಡಿ.