ಹಳೆಯ ಕಂಪ್ಯೂಟರಿಗೆ ಹೊಸ ಸರ್ವರಿನ ನಂಟು

ವಿಂಡೋಸ್ 98 ಇರುವ ಹಳೆಯ ಕಂಪ್ಯೂಟರೊಂದನ್ನು ಅಟ್ಟದಿಂದ ಇಳಿಸಿ, ಧೂಳು ಕೊಡವಿ, ಸ್ವಿಚ್ ಒತ್ತಿದಾಗ ಅದು ಚಾಲೂ ಆಯಿತೆಂದರೆ ಅರ್ಧ ಗೆದ್ದಂತೆ. ಒಳಗೆ ಪೇಜ್‌ಮೇಕರಿನಲ್ಲಿ ಕಟ್ಟಿದ ಪುಸ್ತಕದ ಪುಟಗಳಿರಬಹುದು, ಅಂಗಡಿಯ ಲೆಕ್ಕವಿರಬಹುದು. ಅವನ್ನು ಹೊರತೆಗೆಯುವುದು ಹೇಗೆ? ಫ್ಲಾಪಿಯಲ್ಲಿ 1.44 ಎಂಬಿಗಿಂತ ಹೆಚ್ಚು ಹಿಡಿಸದು. ಪೆನ್‌ಡ್ರೈವ್ ಚುಚ್ಚಿದರೆ, ಬೇರೆ ಡ್ರೈವರ್ ಹಾಕದ ಹೊರತು ವಿಂಡೋಸ್ 98 ಅದನ್ನು ಗುರುತಿಸದು. ಫೋಟೊ, ವಿಡಿಯೊ ಇಡಲೆಂದು ಮನೆಯಲ್ಲಿ ಫೈಲ್ ಸರ್ವರ್ ಇದ್ದರೆ ಹಳೆಯ ಯಂತ್ರವನ್ನೂ ಅದಕ್ಕೆ ಜೋಡಿಸುವುದೇ ಒಳ್ಳೆಯ ದಾರಿ.

ಕೇಬಲ್‌ನ ಮಟ್ಟದಲ್ಲಿ ದೊಡ್ಡ ತೊಂದರೆಯಿಲ್ಲ. ಸೆಕೆಂಡಿಗೆ 10 ಮೆಗಾಬಿಟ್ ಸಾಗಿಸುವ ಹಳೆಯ ನೆಟ್‌ವರ್ಕ್ ಕಾರ್ಡಿಗೂ ಇಂದಿನ ಸಾಮಾನ್ಯ ಗಿಗಾಬಿಟ್ ಸ್ವಿಚ್ ಒಗ್ಗಿಕೊಳ್ಳುತ್ತದೆ. ಸೆಕೆಂಡಿಗೆ ಹೆಚ್ಚೆಂದರೆ ಸುಮಾರು ಒಂದು ಎಂಬಿ ಹರಿಯುತ್ತದೆ. ಆ ಕಾಲದ ಫೈಲ್‌ಗಳಿಗೆ ಅಷ್ಟು ಧಾರಾಳ.

ತೊಡಕಿರುವುದು ಎರಡೂ ಯಂತ್ರಗಳು ಮಾತಾಡುವ ಪ್ರೊಟೊಕಾಲ್‌ನಲ್ಲಿ. ವಿಂಡೋಸ್ ಕಂಪ್ಯೂಟರ್‌ಗಳು ಫೈಲ್ ಹಂಚಿಕೊಳ್ಳುವ ಎಸ್‌ಎಂಬಿ ಪದ್ಧತಿಯನ್ನು 1980ರ ದಶಕದಲ್ಲಿ ಐಬಿಎಂನ ಬ್ಯಾರಿ ಫೈಗೆನ್‌ಬಾಮ್ ರೂಪಿಸಿದರು. ಕ್ಯಾನ್‌ಬೆರಾದಲ್ಲಿ ಸಂಶೋಧನಾ ವಿದ್ಯಾರ್ಥಿಯಾಗಿದ್ದ ಆಂಡ್ರ್ಯೂ ಟ್ರಿಜೆಲ್‌ಗೆ ತಮ್ಮ ಡಾಸ್ ಕಂಪ್ಯೂಟರಿನಿಂದ ಯುನಿಕ್ಸ್ ಸರ್ವರಿನ ಡಿಸ್ಕ್ ಬಳಸಬೇಕಿತ್ತು. ನೆಟ್‌ವರ್ಕಿನಲ್ಲಿ ಓಡಾಡುವ ಮಾಹಿತಿಯನ್ನು ಗಮನಿಸುತ್ತಾ, ಅದರ ಒಳಗುಟ್ಟು ಬಿಡಿಸುತ್ತಾ 1991ರ ಕೊನೆಯ ಹೊತ್ತಿಗೆ ಅವರು ಬರೆಯತೊಡಗಿದ ಪ್ರೋಗ್ರಾಮೇ ಮುಂದೆ ಸಾಂಬಾ ಎಂದು ಹೆಸರಾಯಿತು. ಇಂದಿನ ಬಹುಪಾಲು ಮನೆ ಸರ್ವರ್‌ಗಳೊಳಗೆ ಫೈಲ್ ಹಂಚುತ್ತಿರುವುದು ಅದೇ. ಬೇರೆ ಬೇರೆ ಜಾತಿಯ ಯಂತ್ರಗಳನ್ನು ಬೆಸೆಯಲು ಹುಟ್ಟಿದ ತಂತ್ರಾಂಶವೇ ಈಗ ಹಳೆಯ ವಿಂಡೋಸಿಗೆ ಬಾಗಿಲು ಹಾಕಿಕೊಂಡಿದೆ.

ಅದಕ್ಕೆ ಬಲವಾದ ಕಾರಣವಿದೆ. ವಿಂಡೋಸ್ 98ಕ್ಕೆ ಗೊತ್ತಿರುವುದು ಎಸ್‌ಎಂಬಿಯ ಮೊದಲ ಆವೃತ್ತಿ ಮಾತ್ರ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ದುಷ್ಟ ತಂತ್ರಾಂಶ ಮೈಕ್ರೋಸಾಫ್ಟ್‌ನ ಇದೇ ಆವೃತ್ತಿಯಲ್ಲಿದ್ದ ಬಿರುಕಿನಿಂದ ನುಗ್ಗಿ, ಬ್ರಿಟನ್ನಿನ ಆಸ್ಪತ್ರೆಗಳೂ ಸೇರಿ ಹಲವು ದೇಶಗಳ ಕಂಪ್ಯೂಟರ್‌ಗಳನ್ನು ಸ್ತಬ್ಧಗೊಳಿಸಿತು. ಅದೇ ವರ್ಷ ವಿಂಡೋಸ್ 10ರ ಹೊಸ ಆವೃತ್ತಿಯಲ್ಲಿ ಎಸ್‌ಎಂಬಿ 1ನ್ನು ಮೊದಲೇ ಅಳವಡಿಸಿ ಕೊಡುವುದು ನಿಂತಿತು, 2019ರ 4.11ನೇ ಆವೃತ್ತಿಯಲ್ಲಿ ಸಾಂಬಾ ಕೂಡ ಅದನ್ನು ತಾನಾಗಿ ಒಪ್ಪುವುದನ್ನು ಬಿಟ್ಟಿತು.

ಸಾಂಬಾದ ಸೆಟ್ಟಿಂಗ್‌ನಲ್ಲಿ ಕನಿಷ್ಠ ಪ್ರೊಟೊಕಾಲ್ 'ಎನ್‌ಟಿ1' ಎಂದು ಬದಲಿಸಿ, ಹಳೆಯ ಪಾಸ್‌ವರ್ಡ್ ಪದ್ಧತಿಯನ್ನೂ ಒಪ್ಪುವಂತೆ ಮಾಡಿದರೆ ಹಳೆಯ ಬಾಗಿಲು ಮತ್ತೆ ತೆರೆದುಕೊಳ್ಳುತ್ತದೆ. ಆದರೆ ಇಡೀ ಮನೆಯ ಫೋಟೊ, ಬ್ಯಾಂಕ್ ಕಾಗದಪತ್ರ ಇರುವ ಸರ್ವರಿನಲ್ಲಿ ಹಾಗೆ ಮಾಡಲೇಬಾರದು. ನಡುವೆ ಒಬ್ಬ ದುಭಾಷಿಯನ್ನು ಕೂರಿಸುವುದು ಲೇಸು. ರಾಸ್ಪ್‌ಬೆರಿ ಪೈನಂಥ ಪುಟ್ಟ ಕಂಪ್ಯೂಟರ್ ಇದಕ್ಕೆ ಸಾಕು. ಅದು ಒಂದು ಕಡೆ ದೊಡ್ಡ ಸರ್ವರಿನ ಒಂದೇ ಒಂದು ಫೋಲ್ಡರನ್ನು ಹೊಸ ಪದ್ಧತಿಯಲ್ಲಿ ತೆರೆದು, ಇನ್ನೊಂದು ಕಡೆ ಅದನ್ನೇ ಹಳೆಯ ಯಂತ್ರಕ್ಕೆ ಹಳೆಯ ಪದ್ಧತಿಯಲ್ಲಿ ತೋರಿಸುತ್ತದೆ. ಹಳೆಯ ಕಂಪ್ಯೂಟರಿನ ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ ಗೇಟ್‌ವೇ ಜಾಗ ಖಾಲಿ ಬಿಟ್ಟರೆ ಅದು ಇಂಟರ್ನೆಟ್ಟಿನತ್ತ ಸುಳಿಯದು. ಟೆರಾಬೈಟ್‌ಗಟ್ಟಲೆ ಜಾಗ ಕಂಡು ಹಳೆಯ ಪ್ರೋಗ್ರಾಮ್‌ಗಳು ಲೆಕ್ಕ ತಪ್ಪುವುದುಂಟು. ಡಿಸ್ಕ್ ಚಿಕ್ಕದೆಂದು ತೋರಿಸುವ ಸೌಲಭ್ಯವೂ ಸಾಂಬಾದಲ್ಲಿದೆ. ಡಾಸ್ ಯಂತ್ರಗಳಿಗಾದರೆ ಮೈಕೆಲ್ ಬ್ರಟ್‌ಮನ್ ಬರೆದ ಎಂಟಿಸಿಪಿ ಎಂಬ ತಂತ್ರಾಂಶ ಬಳಸಿ ಎಫ್‌ಟಿಪಿ ಪದ್ಧತಿಯಲ್ಲೇ ಫೈಲ್ ಕಳಿಸಬಹುದು.

ಹಳೆಯ ಮ್ಯಾಕಿಂಟೋಷ್‌ನ ಜಗತ್ತೇ ಬೇರೆ. ಅದರ ಆಪಲ್‌ಟಾಕ್ ಪದ್ಧತಿಯನ್ನು ಸ್ವತಃ ಆಪಲ್ 2009ರಲ್ಲಿ ಕೈಬಿಟ್ಟಿತು. ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಆರಂಭವಾದ ನೆಟಾಟಾಕ್ ಎಂಬ ಮುಕ್ತ ತಂತ್ರಾಂಶವೂ 2012ರಲ್ಲಿ ಅದನ್ನು ತೆಗೆದುಹಾಕಿ, ಹವ್ಯಾಸಿಗಳ ಆಸಕ್ತಿ ಬತ್ತದೇ ಇದ್ದುದರಿಂದ 2024ರ ನಾಲ್ಕನೇ ಆವೃತ್ತಿಯಲ್ಲಿ ಮರಳಿ ಸೇರಿಸಿಕೊಂಡಿತು. ಹನ್ನೆರಡು ವರ್ಷ ಹೊರಗಿದ್ದ ಪದ್ಧತಿಯೊಂದು ಹೀಗೆ ಮರಳುವುದು ತಂತ್ರಾಂಶ ಲೋಕದಲ್ಲಿ ಅಪರೂಪ. ಹಳೆಯ ಮ್ಯಾಕ್ ಫೈಲ್‌ಗಳಲ್ಲಿ ಮಾಹಿತಿಯ ಜೊತೆಗೆ ಐಕಾನ್, ಮೆನು ಮುಂತಾದವುಗಳ ಇನ್ನೊಂದು ಭಾಗವಿರುತ್ತದೆ. ಬೇರೆ ದಾರಿಯಲ್ಲಿ ನಕಲಿಸಿದರೆ ಆ ಭಾಗ ಕಳಚಿಹೋಗಿ ಪ್ರೋಗ್ರಾಮ್ ತೆರೆಯದೇ ಹೋಗಬಹುದು; ನೆಟಾಟಾಕ್ ಎರಡನ್ನೂ ಜೋಪಾನವಾಗಿ ಒಟ್ಟಿಗಿಡುತ್ತದೆ.

ಕನ್ನಡದ ಡಿಟಿಪಿ ಕಡತಗಳಿಗೆ ಇನ್ನೊಂದು ಎಚ್ಚರ ಬೇಕು. ಯುನಿಕೋಡ್‌ಗೆ ಮೊದಲಿನ ನುಡಿ, ಬರಹ, ಶ್ರೀಲಿಪಿ ಫಾಂಟ್‌ಗಳಲ್ಲಿ ಬರೆದ ಫೈಲ್ ಸರ್ವರಿಗೆ ಸುರಕ್ಷಿತವಾಗಿ ಬಂದರೂ, ಆ ಫಾಂಟ್ ಇಲ್ಲದ ಯಂತ್ರದಲ್ಲಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರವಾಗಿ ಕಾಣುತ್ತದೆ. ಆದ್ದರಿಂದ ಹಳೆಯ ಯಂತ್ರದ ಫಾಂಟ್ಸ್ ಫೋಲ್ಡರನ್ನೂ ತಪ್ಪದೆ ನಕಲಿಸಬೇಕು. ಯುನಿಕೋಡ್‌ಗೆ ಬದಲಿಸುವಾಗ ಒತ್ತಕ್ಷರಗಳು ಅಲ್ಲಲ್ಲಿ ಕೆಡುವುದರಿಂದ ಮೂಲ ಫೈಲ್‌ಗಳನ್ನು ಮುಟ್ಟದೆ ಪ್ರತ್ಯೇಕ ಫೋಲ್ಡರಿನಲ್ಲಿ ಇಟ್ಟು, ಪರಿವರ್ತನೆಯನ್ನು ಪ್ರತಿಯ ಮೇಲೆ ಮಾತ್ರ ಮಾಡಬೇಕು.