ಒಕ್ಕಣೆಯ ಧೂಳು ಎದೆಯೊಳಗೆ ಎಲ್ಲಿ ತಂಗುವುದು?

ಸುಗ್ಗಿಯ ಕಾಲದಲ್ಲಿ ಒಕ್ಕಣೆಯ ಯಂತ್ರದ ಬಾಯಿಯ ಬಳಿ ನಿಂತು ತೆನೆಯನ್ನು ಉಣಿಸುವ ಆಳು ದಿನವೆಲ್ಲಾ ಧೂಳಿನಲ್ಲಿಯೇ ಉಸಿರಾಡಬೇಕಾಗಿರುವುದು. ಸಾಯಂಕಾಲ ಅವನು ಮುಖ ತೊಳೆದು, ಮೂಗು ಸೀನಿ, ಕ್ಯಾಕರಿಸಿ ಉಗುಳಿದರೆ ಧೂಳೆಲ್ಲವೂ ಹೊರಟುಹೋಯಿತೆಂದು ಭಾವಿಸುವುದು ವಾಡಿಕೆ. ಹಾಗೆ ಹೊರಟುಹೋಗುವುದು ದಪ್ಪ ಧೂಳು ಮಾತ್ರ. ಕಣ್ಣಿಗೆ ಕಾಣದ ಸಣ್ಣ ಧೂಳು ಶ್ವಾಸಕೋಶದಲ್ಲಿ ಎಷ್ಟು ಆಳಕ್ಕೆ ಇಳಿಯುವುದು, ಎಲ್ಲಿ ತಂಗುವುದು ಎಂಬುದನ್ನು ಈಗ ಕಂಪ್ಯೂಟರಿನ ಸಹಾಯದಿಂದ ಲೆಕ್ಕಹಾಕಬಹುದಾಗಿದೆ. ಆಳುಗಳನ್ನು ಇಟ್ಟು ಒಕ್ಕಣೆ ಮಾಡಿಸುವ ಜಮೀನುದಾರರೂ ಗ್ರಾಮದ ಮುಖಂಡರೂ ಈ ಲೆಕ್ಕದ ಸಾರವನ್ನು ಅರಿತಿರುವುದು ಆವಶ್ಯಕವಾದುದರಿಂದ ಅದನ್ನು ಇಲ್ಲಿ ವಿವರಿಸುವೆನು.

ಶ್ವಾಸನಾಳವು ಸುಮಾರು 18 ಮಿಲಿಮೀಟರು ವ್ಯಾಸವುಳ್ಳ ಕೊಳವೆ. ಅದು ಎರಡಾಗಿ, ಆ ಎರಡು ನಾಲ್ಕಾಗಿ ಕವಲೊಡೆಯುತ್ತ ಹೋಗುವುದು. ಸ್ವಿಟ್ಜರ್ಲೆಂಡಿನ ಅಂಗರಚನಾಶಾಸ್ತ್ರಜ್ಞರಾದ ಎವಾಲ್ಡ್ ವೈಬೆಲ್ ಎಂಬವರು 1963ರಲ್ಲಿ ಪ್ರಕಟಿಸಿದ ಮಾದರಿಯಲ್ಲಿ ಈ ಕವಲೊಡೆಯುವಿಕೆಯು 23 ಸಲ ನಡೆಯುವುದು. ಕೊನೆಯ ಸಾಲಿನಲ್ಲಿ 83 ಲಕ್ಷಕ್ಕೂ ಮಿಗಿಲಾದ ಕಿರುಕವಲುಗಳಿರುವುವು. ಒಂದೊಂದು ಕವಲು ಕಿರಿದಾದರೂ ಕೊನೆಯ ಸಾಲಿನ ಎಲ್ಲವುಗಳ ಬಾಯಿಯನ್ನು ಕೂಡಿಸಿದರೆ ಒಂದು ಚದರ ಮೀಟರಿಗೂ ಹೆಚ್ಚಾಗುವುದು. ಆದಕಾರಣ ಒಳಹೋದಷ್ಟೂ ಗಾಳಿಯ ವೇಗವು ಕುಗ್ಗಿ, ತುದಿಯಲ್ಲಿ ನಿಂತೇಹೋದಂತಾಗುವುದು. ನಾಲೆಯ ನೀರು ಕಾಲುವೆ, ಕಿರುಗಾಲುವೆಗಳಿಗೆ ಹಂಚಿಹೋಗಿ ಮಂದವಾದ ಕಡೆ ಹೂಳು ಕೂರುವುದನ್ನು ಬಲ್ಲ ರೈತರಿಗೆ ಇದನ್ನು ಹೆಚ್ಚಾಗಿ ಹೇಳಬೇಕಾಗಿಲ್ಲ.

ಧೂಳನ್ನು ಅಳೆಯುವ ಮಾನವು ಮೈಕ್ರಾನ್. ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ತಲೆಗೂದಲಿನ ದಪ್ಪವು ಸುಮಾರು 70 ಮೈಕ್ರಾನ್ ಇರುವುದು. ಭಾರ ಹೇರಿದ ಬಂಡಿಯು ವೇಗವಾಗಿ ತಿರುವಿಗೆ ಬಂದರೆ ದಾರಿಬಿಟ್ಟು ನುಗ್ಗುವಂತೆ, 10 ಮೈಕ್ರಾನಿಗಿಂತ ದೊಡ್ಡ ಕಣಗಳು ಬಹುಮಟ್ಟಿಗೆ ಮೂಗು ಗಂಟಲುಗಳ ತಿರುವಿನಲ್ಲಿಯೇ ಬಡಿದು ಅಂಟಿಕೊಳ್ಳುವುವು. ಸಾಯಂಕಾಲ ಉಗುಳಿ ಕಳೆಯುವುದು ಇದನ್ನೇ. 1ರಿಂದ 5 ಮೈಕ್ರಾನಿನ ಕಣಗಳಲ್ಲಿ ಅನೇಕವು ತಿರುವುಗಳನ್ನು ದಾಟಿ, ಗಾಳಿ ಮಂದವಾದ ಕಿರುಕವಲುಗಳಲ್ಲಿ ತಮ್ಮ ಭಾರದಿಂದಲೇ ಹೂಳಿನಂತೆ ಕೂರುವುವು. ಮೈಕ್ರಾನಿನ ಹತ್ತರಲ್ಲೊಂದು ಪಾಲಿಗಿಂತಲೂ ಸಣ್ಣವಾದ ಹೊಗೆಯ ಕಣಗಳಾದರೋ, ಗಾಳಿಯ ಅಣುಗಳ ತಾಡನದಿಂದ ಅತ್ತಿತ್ತ ಅಲೆದು ಗೋಡೆಗೆ ತಗಲುವುವು. ಇವುಗಳ ನಡುವಿನ, ಸುಮಾರು ಅರ್ಧ ಮೈಕ್ರಾನಿನ ಕಣಗಳು ಯಾವುದಕ್ಕೂ ಸರಿಯಾಗಿ ಸಿಕ್ಕದೆ ಬಹುಪಾಲು ಉಸಿರಿನೊಡನೆ ಹೊರಕ್ಕೆ ಮರಳುವುವು. ಸಣ್ಣದಾದಷ್ಟೂ ಹೆಚ್ಚು ತಂಗುವುದೆಂಬ ಊಹೆ ಇಲ್ಲಿ ಸಲ್ಲದು.

ಇದನ್ನು ಮೊದಲು ಲೆಕ್ಕಕ್ಕೆ ತಂದವರು ವೈದ್ಯರಲ್ಲ. ಮೋಡ ಮಳೆಗಳ ಶಾಸ್ತ್ರಜ್ಞರಾದ ಜರ್ಮನಿಯ ವಾಲ್ಟರ್ ಫಿಂಡೈಸನ್ ಎಂಬವರು. 1935ರಲ್ಲಿ ಅವರು ಗಾಳಿಯ ದಾರಿಯನ್ನು 9 ಭಾಗಗಳನ್ನಾಗಿ ವಿಂಗಡಿಸಿ ಕೈಯಿಂದಲೇ ಗುಣಿಸಿದರು. ಈಗ ಕಂಪ್ಯೂಟರು ಒಂದೊಂದು ಕವಲಿನ ವ್ಯಾಸ, ಉದ್ದ, ಓರೆ, ಗಾಳಿಯ ವೇಗಗಳನ್ನು ತೆಗೆದುಕೊಂಡು, ಒಂದೊಂದು ಗಾತ್ರದ ಕಣವೂ ಅಲ್ಲಿ ಎಷ್ಟು ಪಾಲು ತಂಗಿತು, ಮುಂದಕ್ಕೆ ಎಷ್ಟು ಸಾಗಿತು ಎಂದು ಸಾಲುಸಾಲಾಗಿ ಕಳೆಯುತ್ತ ಹೋಗುವುದು. ಕಂದಾಯದ ಲೆಕ್ಕ ಬರೆಯುವವರ ಕ್ರಮವೂ ಇದಕ್ಕಿಂತ ಬಹಳ ಬೇರೆಯಲ್ಲ.

ಅಂತರರಾಷ್ಟ್ರೀಯ ವಿಕಿರಣ ರಕ್ಷಣಾ ಆಯೋಗವು 1994ರಲ್ಲಿ ಪ್ರಕಟಿಸಿದ ಮಾದರಿಯಲ್ಲಿ, ವಯಸ್ಕ ಗಂಡಸು ಕುಳಿತಿರುವಾಗ ಗಂಟೆಗೆ 540 ಲೀಟರು ಗಾಳಿಯನ್ನೂ, ಕಠಿಣವಾಗಿ ದುಡಿಯುವಾಗ 3000 ಲೀಟರನ್ನೂ ಸೇವಿಸುವನೆಂದು ಇಟ್ಟುಕೊಂಡಿದೆ. ಕಣದ ಬದುವಿನಲ್ಲಿ ಕುಳಿತ ಯಜಮಾನರೂ ಹೊರೆ ಎತ್ತುವ ಆಳೂ ಒಂದೇ ಧೂಳಿನಲ್ಲಿದ್ದರೂ ಆಳಿನ ಎದೆಗೆ ಐದು ಪಾಲಿಗೂ ಮೀರಿ ಧೂಳು ಹೋಗುವುದೆಂದು ಇದರಿಂದ ತಿಳಿಯಬೇಕು. ಇದಲ್ಲದೆ ದುಡಿಯುವವನು ಬಾಯಿ ತೆರೆದು ಉಸಿರಾಡುವನಾಗಿ, ಮೂಗಿನ ಜರಡಿಯು ಅಷ್ಟರಮಟ್ಟಿಗೆ ತಪ್ಪಿಹೋಗುವುದು.

ಧೂಳಡಗಿತೆಂದು ಕೂಡಲೆ ಕೊಠಡಿಗೆ ನುಗ್ಗುವುದೂ ಸರಿಯಲ್ಲ. ನೀರಿನಷ್ಟು ಸಾಂದ್ರತೆಯುಳ್ಳ 100 ಮೈಕ್ರಾನಿನ ಕಣವು ನಿಶ್ಚಲವಾದ ಗಾಳಿಯಲ್ಲಿ ಒಂದು ಮೀಟರು ಇಳಿಯಲು ಸುಮಾರು 4 ಸೆಕೆಂಡು ಸಾಕು. 10 ಮೈಕ್ರಾನಿಗೆ ಐದಾರು ನಿಮಿಷ, 1 ಮೈಕ್ರಾನಿಗೆ ಸುಮಾರು 8 ಗಂಟೆ ಬೇಕು.

ಈ ಒಂದು ಮೈಕ್ರಾನಿನ ಮಾತು ಹುಲ್ಲಿನ ವಿಷಯದಲ್ಲಿ ಮುಖ್ಯವಾದುದು. ಹಸಿಯಾಗಿ ಒಟ್ಟಿದ ಹುಲ್ಲು ಕಾವೇರಿ ಬೂಷ್ಟು ಹಿಡಿದಾಗ ಅದರಲ್ಲಿ ಬೆಳೆಯುವ ಸೂಕ್ಷ್ಮಜೀವಿಗಳ ಬೀಜಕಣಗಳು ಸರಿಸುಮಾರು ಇದೇ ಗಾತ್ರದವು. ಅಂಥ ಹುಲ್ಲನ್ನು ಕೊಡವಿದಾಗ ಒಂದು ಘನ ಮೀಟರು ಗಾಳಿಯಲ್ಲಿ ನೂರು ಕೋಟಿಗೂ ಮಿಗಿಲಾದ ಕಣಗಳನ್ನು ಇಂಗ್ಲೆಂಡಿನಲ್ಲಿ ಎಣಿಸಿದ್ದಾರೆ. ಅದರಲ್ಲಿ ದುಡಿಯುವವನ ಒಳಕ್ಕೆ ಗಂಟೆಗೆ 300 ಕೋಟಿ ಹೋಗುವುವು; ಹತ್ತರಲ್ಲೊಂದು ಪಾಲು ಮಾತ್ರ ತಂಗಿತೆಂದರೂ 30 ಕೋಟಿಯಾಯಿತು. ಇದರಿಂದುಂಟಾಗುವ ರೋಗವನ್ನು 1932ರಲ್ಲಿ ಇಂಗ್ಲೆಂಡಿನಲ್ಲಿಯೇ ವರ್ಣಿಸಿದರು. ರೈತನ ಶ್ವಾಸಕೋಶವೆಂದೇ ಅದರ ಹೆಸರು. ಕೆಲಸ ಮಾಡಿದ 4ರಿಂದ 8 ಗಂಟೆಗಳ ಮೇಲೆ ಚಳಿ, ಜ್ವರ, ಒಣಕೆಮ್ಮು, ಮೇಲುಸಿರು ತೋರಿ, ಒಂದೆರಡು ದಿನಗಳಲ್ಲಿ ಇಳಿಯುವುದು. ಮತ್ತೆ ಮತ್ತೆ ಆದರೆ ಶ್ವಾಸಕೋಶವು ಗಡುಸಾಗಿ ಪುನಃ ಸರಿಹೋಗದು.

ಲೆಕ್ಕಕ್ಕೂ ಮಿತಿಯುಂಟು. ಕಣವು ಎಲ್ಲಿ ಕೂತಿತೆಂದು ಅದು ಹೇಳೀತೇ ಹೊರತು ಕೂತಮೇಲೆ ಏನು ಮಾಡೀತೆಂದು ಹೇಳದು. ಸಾಮಾನ್ಯವಾಗಿ ಅದು ಆರೋಗ್ಯವಂತನಾದ ವಯಸ್ಕನ ಸರಾಸರಿ. ಮುದುಕರಿಗೂ, ಉಬ್ಬಸವುಳ್ಳವರಿಗೂ, ಬೀಡಿ ಸೇದುವವರಿಗೂ ಹಾಗೆಯೇ ಅನ್ವಯಿಸದು. ಆದರೂ ಕಣದ ಏರ್ಪಾಡಿಗೆ ಇಷ್ಟು ಸಾಕು. ಯಂತ್ರದ ಹೊಟ್ಟು ಗಾಳಿ ಹೋಗುವ ದಿಕ್ಕಿಗೆ ಬೀಳುವಂತೆಯೂ, ಆಳುಗಳು ಗಾಳಿ ಬರುವ ಮಗ್ಗುಲಲ್ಲಿರುವಂತೆಯೂ ನಿಲ್ಲಿಸತಕ್ಕದ್ದು. ಬಾಯಿ ಬಳಿಯ ಆಳನ್ನು ಆಗಾಗ್ಗೆ ಬದಲಾಯಿಸತಕ್ಕದ್ದು. ಹುಲ್ಲನ್ನು ಚೆನ್ನಾಗಿ ಒಣಗಿಸದೆ ಬಣವೆ ಒಟ್ಟಬಾರದು. ಮುಖಕ್ಕೆ ಸುತ್ತಿದ ಟವಲು ದಪ್ಪ ಧೂಳನ್ನೂ ಸುಂಕನ್ನೂ ತಡೆಯುವುದೇ ವಿನಾ, ಮೈಕ್ರಾನಿನ ಕಣಕ್ಕೆ ಅದರ ನೇಯ್ಗೆಯ ಸಂದು ಹೆಬ್ಬಾಗಿಲು. ಎನ್-95 ಎಂಬ ಮುಖಗವಸು ಮುಖಕ್ಕೆ ಬಿಗಿಯಾಗಿ ಕೂತರೆ ಅಂಥ ಕಣಗಳಲ್ಲಿ ನೂರಕ್ಕೆ 95 ಪಾಲನ್ನಾದರೂ ತಡೆಯುವುದು. ಇದನ್ನು ಯಜಮಾನರೇ ಕೊಂಡು ಕೊಡುವುದು ನ್ಯಾಯವೆಂದು ನನ್ನ ಅಭಿಪ್ರಾಯ.

ನಾನು ವೈದ್ಯನಲ್ಲ, ಕೃಷಿ ಇಲಾಖೆಯ ಇನ್‌ಸ್ಪೆಕ್ಟರನು. ಆದರೆ ಬೂಷ್ಟು ಹಿಡಿದ ಬಣವೆಯನ್ನು ಬಿಚ್ಚಿದ ರಾತ್ರಿಯೇ ಆಳಿಗೆ ಚಳಿಜ್ವರ ಬಂದರೆ ಮಲೇರಿಯವೆಂದೋ ನೆಗಡಿಯೆಂದೋ ಬಿಟ್ಟುಬಿಡದೆ ಆಸ್ಪತ್ರೆಗೆ ಕಳುಹಿಸಬೇಕು. ಬಣವೆಯ ಸಂಗತಿಯನ್ನು ಅಲ್ಲಿಯ ವೈದ್ಯರಿಗೆ ತಪ್ಪದೆ ತಿಳಿಸಬೇಕು. ರೋಗಿಯು ತಾನಾಗಿ ಅದನ್ನು ಹೇಳುವುದು ಅಪರೂಪ.